ಒಂದು ಮನೆಯ ಎರಡು ಮೊಣಕಾಲು

ಊಟಕ್ಕೆ ಕೂತವರಲ್ಲಿ ಮೊದಲು ಎದ್ದವಳು ಕಲ್ಯಾಣಿ. ಪುಂಡಿಪಲ್ಯ ಮುಗಿದಿತ್ತು, ಒಳಗಿಂದ ಬೋಗುಣಿ ತರೋಣವೆಂದು ತಿರುಗಿದಳು. ತಿರುಗಿದ್ದೇ ತಡ, ಎಡಪಾದ ನೆಲಕ್ಕೆ ಅಂಟಿಕೊಂಡಂತೆ ಅಲ್ಲೇ ಉಳಿದು ಮೈ ಮಾತ್ರ ಹೊರಳಿತು. ಹದಿಮೂರು ವರ್ಷದ ಹುಡುಗಿ ಚೀರಿದ ದನಿಗೆ ಪಕ್ಕದ ಮನೆಯ ಟಿ.ವಿ. ಸದ್ದು ನಿಂತಿತು. ಬಿದ್ದವಳ ಮೊಣಕಾಲು ಮೊಣಕಾಲಿನಂತೆ ಇರಲಿಲ್ಲ. ನಡುವೆ ಇರಬೇಕಾದ ಚಿಪ್ಪು ಹೊರಮಗ್ಗುಲಿಗೆ ಹೋಗಿ, ಚರ್ಮದ ಕೆಳಗೆ ನಿಂಬೆಹಣ್ಣು ಇಟ್ಟಂತೆ ಉಬ್ಬಿ ನಿಂತಿತ್ತು.

"ಕಾಲು ಮುರೀತು, ಯಪ್ಪಾ, ಕಾಲು ಮುರೀತು!" ಎಂದು ತಾಯಿ ಸುಮಂಗಲಾ ರೊಟ್ಟಿ ಬಿಟ್ಟು ಫೋನು ಹುಡುಕತೊಡಗಿದಳು. ಅಷ್ಟರಲ್ಲಿ ಅವಳ ಅತ್ತೆ ಯಮನಮ್ಮ ಕೂತಲ್ಲಿಂದಲೇ ಜರುಗಿ ಬಂದಳು. ಮೊಮ್ಮಗಳ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಮಡಚಿದ ಕಾಲನ್ನು ಮೆಲ್ಲಗೆ ನೀಟು ಮಾಡುತ್ತ, ಇನ್ನೊಂದು ಅಂಗೈಯಿಂದ ಚಿಪ್ಪನ್ನು ಒಳಕ್ಕೆ ಒತ್ತಿದಳು. ಟಕ್ ಎಂದಿತು. ಕಲ್ಯಾಣಿಯ ಚೀರಾಟ ನಿಂತು ಅಳು ಉಳಿಯಿತು.

ಸುಮಂಗಲಾ ಫೋನು ಹಿಡಿದುಕೊಂಡೇ ನಿಂತಿದ್ದಳು. "ಹಂಗ ಮಾಡಬೇಕಂತ ನಿಮಗ ಹೆಂಗ ಗೊತ್ತಾತ್ರಿ ಅತ್ತಿ?"

"ಗೊತ್ತಾಗೋದೇನದ ಅದರಾಗ. ನಾಟಿಗೆ ಹೋದಾಗ ಎಷ್ಟ ಮಂದೀದು ನೋಡೀನಿ," ಎಂದಳು ಯಮನಮ್ಮ, ಚೆಲ್ಲಿದ ಸಾರು ಒರೆಸುತ್ತ.

ನೋಡಿದ್ದು ಒಬ್ಬರದೇ, ತನ್ನದೇ. ಯಮನಮ್ಮನ ಎಡಗಾಲಿನ ಚಿಪ್ಪು ಮೊದಲ ಸಲ ಜಾರಿದಾಗ ಅವಳಿಗೆ ಹನ್ನೆರಡು. ತವರೂರು ಅರಕೇರಾದಲ್ಲಿ ಶೇಂಗಾ ಕೀಳುತ್ತಿದ್ದವಳು ಹೊಲದ ಬದುವಿನ ಮೇಲೆ ಕುಸಿದಿದ್ದಳು. ಅವಳ ತಾಯಿ ಮಗಳ ಬಾಯಿಗೆ ಸೆರಗು ತುರುಕಿ, ಚಿಪ್ಪನ್ನು ಕೂರಿಸಿ ಹೇಳಿದ್ದು ಒಂದೇ ಮಾತು: "ಯಾರ ಮುಂದೂ ಆಡಬ್ಯಾಡ. ಕಾಲಿಲ್ಲದಾಕಿ ಅಂತ ಹೆಸರು ಬಿದ್ರ ಯಾರೂ ಮಾಡಿಕೊಳ್ಳಂಗಿಲ್ಲ." ಯಮನಮ್ಮ ಆಡಲಿಲ್ಲ. ಮದುವೆಯಾಗಿ ಮಾನ್ವಿಗೆ ಬಂದಳು, ಎರಡು ಗಂಡುಮಕ್ಕಳನ್ನು ಹೆತ್ತಳು, ಮೂವತ್ತು ವರ್ಷ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿದಳು. ಕೆಸರಿನಲ್ಲಿ ಎಡಗಾಲು ಊರಿ ತಿರುಗಬಾರದು, ಮೆಟ್ಟಿಲು ಹತ್ತಲು ಬಲಗಾಲು ಮುಂದು, ಇಳಿಯಲು ಎಡಗಾಲು ಮುಂದು, ಕೂತರೆ ಎಡಗಾಲು ಚಾಚಿರಬೇಕು. ಹೀಗೆ ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ಜತೆಯ ಹೆಂಗಸರು ಬಾತುಕೋಳಿ ನಡಿಗೆ ಎಂದು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಗಂಡ ಸತ್ತು ಒಂಬತ್ತು ವರ್ಷವಾಯಿತು. ಅವನಿಗೂ ಗೊತ್ತಿರಲಿಲ್ಲ.

ಆ ವಾರ ಮಗ ಹುಲಿಗೇಶ ಶಕ್ತಿನಗರದಿಂದ ಬಂದ. ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಅವನದು ಗುತ್ತಿಗೆ ಕೆಲಸ. ನಾಲ್ವರ ಜತೆ ಒಂದು ಕೋಣೆಯಲ್ಲಿದ್ದು, ಪಾಳಿ ತಪ್ಪಿದ ಭಾನುವಾರ ಮನೆಗೆ ಬರುತ್ತಿದ್ದ. ಮಗಳ ಊದಿದ ಕಾಲು ಮುಟ್ಟಿ ನೋಡಿ, "ಶಾಲ್ಯಾಗ ಕುಣಿದಾಡೋದು ಕಡಿಮಿ ಮಾಡು," ಎಂದ.

"ನಾ ಕುಣಿಲಿಲ್ಲಪ್ಪ. ಪಲ್ಯ ತರಾಕ ಎದ್ದಿದ್ದೆ."

"ಪಲ್ಯ ತರಾಕ ಎದ್ರ ಯಾರ ಕಾಲೂ ಉಳುಕಂಗಿಲ್ಲ."

ಹನ್ನೊಂದು ದಿನಕ್ಕೆ ಶಾಲೆಯ ಮೆಟ್ಟಿಲಿನ ಮೇಲೆ ಮತ್ತೆ ಜಾರಿತು. ಸುಮಂಗಲಾ ಮಾನ್ವಿಯಿಂದ ಎಂಟು ಮೈಲಿ ಆಚೆಯ ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಎರಡನೇ ತರಗತಿಯ ಮಕ್ಕಳನ್ನು ಹಾಗೇ ಬಿಟ್ಟು, ವಲಿ ಪಾಷಾನ ಆಟೊ ಹಿಡಿದು ಬಂದಳು. ಬರುವಷ್ಟರಲ್ಲಿ ಚಿಪ್ಪು ತಾನೇ ಒಳಗೆ ಹೋಗಿತ್ತು, ಮೊಣಕಾಲು ಕುಂಬಳಕಾಯಿಯಾಗಿತ್ತು. ಅವತ್ತು ಸಂಜೆ ಫೋನಿನಲ್ಲಿ ಗಂಡಹೆಂಡಿರ ಜಗಳ ಅಡುಗೆಮನೆಯವರೆಗೂ ಕೇಳಿಸಿತು.

"ರಾಯಚೂರಿಗೆ ಕರಕೊಂಡು ಹೋಗ್ತೀನಿ. ಎಲುಬಿನ ಡಾಕ್ಟರಿಗೆ ತೋರಸ್ತೀನಿ."

ಫೋನಿನ ಆ ತುದಿಯಲ್ಲಿ ಹುಲಿಗೇಶ ಏನಂದನೋ, ಸುಮಂಗಲಾ ಇನ್ನೂ ಜೋರಾಗಿ, "ನಿಮ್ಮಣ್ಣಗೇನು ಗೊತ್ತದ ಕಾಲಿನ ವಿಷಯ!" ಎಂದಳು.

ಮುಂದಿನ ಭಾನುವಾರ ಹುಲಿಗೇಶ ಮನೆಯಲ್ಲಿದ್ದಾಗ ಆ ಅಣ್ಣ ಅಯ್ಯಣ್ಣ ದೇವದುರ್ಗದಿಂದ ತಾನೇ ಬಂದ. ಕಚೇರಿಯೊಂದರಲ್ಲಿ ಜವಾನನಾಗಿದ್ದವನಿಗೆ ಮನೆತನದ ಹಿರಿಯ ತಾನೆಂಬುದು ಸದಾ ನೆನಪಿರುತ್ತಿತ್ತು. "ದೇವದುರ್ಗದ ಕಡಿ ಗಡಿಗೆಪ್ಪ ಅಂತ ಇದ್ದಾನ," ಎಂದ, ಚಹಾ ಬಟ್ಟಲಿಗೆ ಸುರಿದುಕೊಳ್ಳುತ್ತ. "ಸೊಪ್ಪು, ಕೋಳಿತತ್ತಿ ಹಚ್ಚಿ ಕಟ್ಟು ಕಟ್ತಾನ. ಅವರಪ್ಪನ ಕಾಲದಿಂದ ಮಾಡಾಕತ್ತಾರ. ಮೂರು ವಾರಕ್ಕ ಕಲ್ಲಾಗ್ತದ ಕಾಲು. ಕತ್ತರಿ, ಸೂಜಿ ಏನೂ ಬ್ಯಾಡ."

ಗಡಿಗೆಪ್ಪನ ಅಪ್ಪನ ಮಾತು ಬಂದಾಗ ಯಮನಮ್ಮ ಬೆಳ್ಳುಳ್ಳಿ ಸುಲಿಯುವ ನೆಪ ಮಾಡಿ ತಲೆ ತಗ್ಗಿಸಿದಳು. ಮದುವೆಗೆ ಮುಂಚೆ ತಾಯಿ ಗುಟ್ಟಾಗಿ ಕರೆದೊಯ್ದಾಗ ಆ ಮುದುಕ ಅವಳಿಗೆ ಕಟ್ಟು ಕಟ್ಟಿದ್ದ, ಎರಡು ಸಲ. ಕಟ್ಟು ಬಿಚ್ಚಿದ ತಿಂಗಳಿಗೆ ಎರಡು ಸಲವೂ ಚಿಪ್ಪು ಜಾರಿತ್ತು.

ಸುಮಂಗಲಾ ಒಪ್ಪಲಿಲ್ಲ. ಆದರೆ ಸೋಮವಾರ ಅವಳು ಶಾಲೆಗೆ ಹೋದಾಗ ಅಣ್ಣತಮ್ಮಂದಿರು ಹುಡುಗಿಯನ್ನು ಬಸ್ಸಿಗೆ ಹತ್ತಿಸಿದರು. ಹೊರಡುವಾಗ ಕಲ್ಯಾಣಿ ಬಾಗಿಲಲ್ಲಿ ನಿಂತು, "ಅಜ್ಜಿ, ಕಟ್ಟಿಸಿಕೊಂಡ್ರ ಆರಾಮ ಆಗ್ತದೇನು?" ಎಂದು ಕೇಳಿದಳು.

"ಆಗ್ತದವ್ವ," ಎಂದಳು ಯಮನಮ್ಮ. "ಹೋಗಿ ಬಾ."

ಮೂರು ವಾರ ಮನೆಯಲ್ಲಿ ತತ್ತಿಯ ಕಮಟು ವಾಸನೆ. ಸುಮಂಗಲಾ ಗಂಡನೊಡನೆ ಮಾತು ಬಿಟ್ಟಿದ್ದಳು. ಬೇಕಾದುದನ್ನು ಅತ್ತೆಯ ಮೂಲಕ ಹೇಳಿಸುತ್ತಿದ್ದಳು. ಕಲ್ಯಾಣಿ ಬಿದಿರು ಪಟ್ಟಿಯ ಕಾಲು ಚಾಚಿಕೊಂಡು, ಕಟ್ಟಿನೊಳಗೆ ಕೆರೆತವೆಂದು ಕೊಡೆಯ ಕಡ್ಡಿ ತೂರಿಸುತ್ತಿದ್ದಳು. ಬಿಚ್ಚಿದ ದಿನ ನೋಡಿದರೆ ಚರ್ಮದ ತುಂಬ ಬೊಬ್ಬೆ, ತೊಡೆ ಒಣಗಿ ತೋಳಿನಷ್ಟಾಗಿತ್ತು. ನಾಲ್ಕನೇ ದಿನ ಬಚ್ಚಲಲ್ಲಿ ಮೂರನೇ ಸಲ ಜಾರಿತು. ಈ ಸಲ ಕೂರಿಸಿದ ಮೇಲೂ ಒಳಗೆ ಏನೋ ಕರಕರ ಅನ್ನುತ್ತಿತ್ತು.

ಮರುದಿನ ಸುಮಂಗಲಾ ಯಾರನ್ನೂ ಕೇಳಲಿಲ್ಲ. ರಜೆಯ ಅರ್ಜಿ ಕಳಿಸಿ, ಮಗಳನ್ನು ಹಿಡಿದುಕೊಳ್ಳಲು ಅತ್ತೆಯನ್ನೂ ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಹುಲಿಗೇಶ ಶಕ್ತಿನಗರದಿಂದ ನೇರ ಆಸ್ಪತ್ರೆಗೆ ಬಂದ.

ಡಾಕ್ಟರ್ ಹಫೀಜ್ ಸಣ್ಣ ಆಳು, ಮೆಲುದನಿ. ಕಲ್ಯಾಣಿಯನ್ನು ಮಂಚದ ತುದಿಗೆ ಕೂರಿಸಿ ಕಾಲು ಮಡಿಸಿ ನೀಟು ಮಾಡಿಸಿದರು. ಚಿಪ್ಪನ್ನು ಹೊರಮಗ್ಗುಲಿಗೆ ಒಂದಿಷ್ಟು ಒತ್ತುತ್ತಲೇ ಹುಡುಗಿ ಅವರ ಕೈ ಹಿಡಿದಳು. "ಸಾಕು, ತಿಳೀತು," ಎಂದು ಬಿಟ್ಟರು. ಚಿತ್ರಗಳನ್ನೆಲ್ಲ ತೆಗೆಸಿ ಮಧ್ಯಾಹ್ನ ಮತ್ತೆ ಕರೆದರು.

"ಚಿಪ್ಪು ಓಡಾಡಾಕ ಎಲುಬಿನ ಮ್ಯಾಲ ಒಂದು ಕಾಲುವಿ ಇರ್ತದ. ಈಕೀದು ಆಳ ಕಡಿಮಿ ಅದ, ಹುಟ್ಟಿನಿಂದನ. ಚಿಪ್ಪು ಹಿಡಿದಿಟ್ಟುಕೊಳ್ಳೋ ಒಳಗಿನ ನಾರು ಹರಿದದ. ಕಡೀ ಸಲ ಜಾರಿದಾಗ ಮೆತ್ತನ ಎಲುಬಿಂದು ಒಂದು ಚೂರು ಕಿತ್ತು ಒಳಗ ತಿರುಗಾಡಾಕತ್ತದ." ನಿಂತು ಕೇಳಿದರು: "ಮನಿಯೊಳಗ ಯಾರಿಗಾದ್ರೂ ಹಿಂಗ ಜಾರೋದು ಅದ ಏನು?"

"ಇಲ್ರೀ ಸರ್," ಎಂದ ಹುಲಿಗೇಶ.

"ನಮ್ಮ ತವರ ಕಡಿನೂ ಇಲ್ರಿ," ಎಂದಳು ಸುಮಂಗಲಾ.

ಯಮನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರು ಅವಳ ಕಡೆಗೂ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು.

"ಆಪರೇಷನ್ ಆಗಬೇಕು," ಎಂದರು ಡಾಕ್ಟರು. "ದೊಡ್ಡವರಿಗಾಗಿದ್ರ ಕೆಲವು ಸಲ ಎಲುಬು ಕತ್ತರಿಸಿ ಜಾಗಾ ಬದಲಿ ಮಾಡ್ತೀವಿ. ಈಕಿ ಇನ್ನೂ ಬೆಳಿಯಾಕತ್ತಾಳ, ಎಲುಬು ಬೆಳಿಯೋ ಜಾಗಾಕ್ಕ ಪೆಟ್ಟಾಗಬಾರದು. ಅದಕ್ಕ ಆಕಿ ತೊಡಿಯಿಂದನ ಒಂದು ನಾರು ತಗದು, ಚಿಪ್ಪಿಗೆ ಲಗಾಮು ಹಾಕಿದಂಗ ಬಿಗಿತೀವಿ. ಆ ಚೂರೂ ತಗಿತೀವಿ. ಆಮ್ಯಾಲ ಆರು ವಾರ ಪಟ್ಟಿ, ಮೂರ್ನಾಕು ತಿಂಗಳ ವ್ಯಾಯಾಮ."

"ಹಾಂಗ ಬಿಟ್ರ ಏನಾಗ್ತದ್ರಿ?" ಹುಲಿಗೇಶನ ಪ್ರಶ್ನೆ.

"ಜಾರ್ತಾನ ಇರ್ತದ. ಒಳಗ ಸವೀತದ. ಹಂಗೂ ಬದುಕೋ ಮಂದಿ ಇದ್ದಾರ. ಆದ್ರ ಯಾಕ ಬದುಕಬೇಕು ಹಂಗ?"

ಆ ಮಾತಿನಲ್ಲಿ ಮೊದಲರ್ಧ ಮಾತ್ರ ಹುಲಿಗೇಶನ ಜತೆ ಮನೆಗೆ ಬಂತು.

"ಹಂಗೂ ಬದುಕ್ತಾರಂತ ಡಾಕ್ಟರ್ ಹೇಳಿಲ್ಲೇನು?" ಊಟದ ಹೊತ್ತಿಗೆ ಅವನು ಶುರು ಮಾಡಿದ. ಸುಮಂಗಲಾ ಅನ್ನ ಬಡಿಸುತ್ತಿದ್ದಳು. ಕಲ್ಯಾಣಿ ಒಳಕೋಣೆಯ ಮಂಚದ ಮೇಲಿದ್ದಳು, ಬಾಗಿಲು ತೆರೆದಿತ್ತು. "ಹೆಣ್ಣುಹುಡುಗಿ. ಕಾಲು ಕುಯಿಸಿದ್ರ ನಾಳೆ ಕೇಳಾಕ ಬರೋರು ಏನಂತಾರ? ಅಣ್ಣನೂ ಫೋನ್ಯಾಗ ಅದನ್ನ ಅಂದ. ಹುಷಾರಾಗಿ ನಡದ್ರ ಆತಪ್ಪ. ಮೆಟ್ಟಲಾ ನೋಡಿ ಹತ್ತಬೇಕು, ಓಡಬಾರದು."

"ಹದಿಮೂರು ವರ್ಷದಾಕಿ ಓಡಬಾರದು!"

"ಓಡದಿದ್ರ ಸಾಯ್ತಾಳೇನು?"

ಯಮನಮ್ಮ ತಾಟು ಬದಿಗೆ ಸರಿಸಿದಳು. ಚಾಚಿದ ಎಡಗಾಲಿನ ಮೇಲಿನ ಸೀರೆಯನ್ನು ಮೊಣಕಾಲಿನ ತನಕ ಎಳೆದುಕೊಂಡಳು. ಬೆಳೆದ ಮಗನ ಮುಂದೆ ಅವಳು ಹಾಗೆಂದೂ ಕೂತವಳಲ್ಲ. ಹುಲಿಗೇಶ ಮುಖ ತಿರುಗಿಸಿದ.

"ಈ ಕಡಿ ನೋಡು," ಎಂದಳು. ಹೆಬ್ಬೆರಳಿನಿಂದ ಚಿಪ್ಪನ್ನು ಒತ್ತಿದಳು. ಅದು ಕೀಲು ಸಡಿಲಾದ ಮುಚ್ಚಳದಂತೆ ಹೊರಮಗ್ಗುಲಿಗೆ ಸರಿದು ಅಲ್ಲೇ ನಿಂತಿತು. "ಹಂಗ ಬದುಕಿದಾಕಿ ನಾನು. ನಲವತ್ತೊಂಬತ್ತು ವರ್ಷ. ನೀ ಹೊಟ್ಟ್ಯಾಗಿದ್ದಾಗ ಗದ್ದ್ಯಾಗ ಜಾರಿತ್ತು, ಕೆಸರಾಗ ಕುಂತು ಹೊಟ್ಟಿ ಹಿಡಕೊಂಡಿದ್ದೆ. ನಿಮ್ಮಪ್ಪ ಸತ್ತ ದಿನ ಮಣ್ಣು ಹಾಕಾಕ ಹೋದಾಗ ಜಾರಿತ್ತು. ನಾ ಅತ್ತದ್ದು ಅವಗ ಅಂತ ಮಂದಿ ತಿಳಕೊಂಡ್ರು. ಹುಷಾರಾಗಿ ನಡದ್ರ ಆತಂತಿಯಲ್ಲ? ನಾ ಹುಷಾರಾಗಿ ನಡೀಲಿಲ್ಲೇನು?"

ಚಿಪ್ಪನ್ನು ತಿರುಗಿ ಕೂರಿಸಿ ಸೀರೆ ಇಳಿಬಿಟ್ಟಳು. ಹುಲಿಗೇಶ ಬಹಳ ಹೊತ್ತು ಅನ್ನದಲ್ಲಿ ಬೆರಳಾಡಿಸಿದ. ಕೊನೆಗೆ, "ಯಾವ ತಾರೀಕು ಕೊಟ್ಟಾರ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಅತ್ತೆಯನ್ನೇ ನೋಡುತ್ತಿದ್ದಳು. "ಗಡಿಗೆಪ್ಪನ ಕಡಿ ಕರಕೊಂಡು ಹೋಗುವಾಗ ನೀವು ಮನ್ಯಾಗ ಇದ್ರಿ."

"ಇದ್ದೆ."

"ಅದರಿಂದ ಏನೂ ಆಗಂಗಿಲ್ಲಂತ ಗೊತ್ತಿತ್ತು."

"ಗೊತ್ತಿತ್ತು."

"ಡಾಕ್ಟರ್ ಮುಂದೂ ಬಾಯಿ ತಗೀಲಿಲ್ಲ."

ಒಳಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಕಲ್ಯಾಣಿ ಮಂಚದಿಂದಲೇ ಕೋಲಿನಿಂದ ತಳ್ಳಿದ್ದಳು.

ಆಪರೇಷನ್ ಆಯಿತು. ಎರಡು ತಾಸು ಎಂದಿದ್ದ ಡಾಕ್ಟರು ಮೂರು ತಾಸಿಗೆ ಹೊರಗೆ ಬಂದು, ನಾರು ಚೆನ್ನಾಗಿ ಕೂತಿದೆ ಎಂದರು. ಆಸ್ಪತ್ರೆಯಲ್ಲಿ ಸುಮಂಗಲಾ ಉಳಿದಳು. ಯಮನಮ್ಮ ದಿನಾ ಬೆಳಗಿನ ಬಸ್ಸಿಗೆ ಬುತ್ತಿ ತೆಗೆದುಕೊಂಡು ಹೋಗಿ ಸಂಜೆ ಮರಳುತ್ತಿದ್ದಳು. ಸೊಸೆ ಬುತ್ತಿ ಇಸಿದುಕೊಂಡು, "ಕುಂದರ್ರಿ," ಎನ್ನುತ್ತಿದ್ದಳು, ಅಷ್ಟೇ. ಕಲ್ಯಾಣಿ ಕಣ್ಣು ಮುಚ್ಚಿ ಮಲಗಿದಂತೆ ಇರುತ್ತಿದ್ದಳು. ರೆಪ್ಪೆ ಅದುರುವುದು ಯಮನಮ್ಮನಿಗೆ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ದಿನಗಳು ಉದ್ದವಾದವು. ಸುಮಂಗಲಾಳ ರಜೆ ಹತ್ತು ದಿನಕ್ಕೆ ಮುಗಿಯಿತು. ಎಂಟು ಗಂಟೆಗೆ ಅವಳು ಹೊರಟರೆ ಸಂಜೆ ಐದರವರೆಗೆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಕಾಲಿಗೆ ತೊಡೆಯಿಂದ ಮೀನಖಂಡದವರೆಗೆ ಕಪ್ಪು ಪಟ್ಟಿ, ಮಗ್ಗುಲಲ್ಲಿ ಎರಡು ಊರುಗೋಲು. ಗೆಳತಿಯರು ಮೊದಲ ವಾರ ಮೂರು ಸಲ ಬಂದರು, ಎರಡನೇ ವಾರ ಒಂದು ಸಲ, ಆಮೇಲೆ ಪರೀಕ್ಷೆ ಬಂತೆಂದು ಯಾರೂ ಬರಲಿಲ್ಲ. ಯಮನಮ್ಮ ರೊಟ್ಟಿ ಮಾಡಿ, ಬೇಳೆ ಮಾಡಿ, ತಾಟು ತಂದರೆ, "ಇಡು," ಎನ್ನುವಳು. ನೀರು ಕೊಟ್ಟರೆ, "ಹೂಂ." ಒಂದು ಇಡೀ ಮಂಗಳವಾರ ಆ ಮನೆಯಲ್ಲಿ ಏಳು ಮಾತು ಆಡಿದ್ದರು. ಅದರಲ್ಲಿ ಎರಡು ಹಾಲಿನವನ ಜತೆ.

ಯಮನಮ್ಮನಿಗೆ ಮಾತಿಲ್ಲದೆ ಇರುವುದು ಹೊಸದಲ್ಲ. ಆದರೆ ಅದು ಮಂದಿಯ ನಡುವೆ ತಾನೇ ಇಟ್ಟುಕೊಂಡ ಮೌನವಾಗಿತ್ತು. ಇದು ಬೇರೆ. ಪಾತ್ರೆ ತೊಳೆಯುವಾಗ ಸುಮ್ಮನೆ ಎರಡು ಸಲ ಬಡಿದು ಸದ್ದು ಮಾಡುತ್ತಿದ್ದಳು, ಒಳಗಿಂದ "ಏನದು ಅಜ್ಜಿ?" ಎಂದು ಬರಬಹುದೆಂದು. ಬರುತ್ತಿರಲಿಲ್ಲ.

ವಾರಕ್ಕೆರಡು ಸಲ ಐಶ್ವರ್ಯ ಎಂಬ ಹುಡುಗಿ ವ್ಯಾಯಾಮ ಮಾಡಿಸಲು ಬರುತ್ತಿದ್ದಳು. ತೊಡೆ ಬಿಗಿಹಿಡಿ, ಹತ್ತು ಎಣಿಸು, ಬಿಡು. ಹಿಮ್ಮಡಿ ಜರುಗಿಸಿ ಮೊಣಕಾಲು ಮಡಿಸು. ಮಡಿಸುವುದು ಬಂದರೆ ಕಲ್ಯಾಣಿ ಕಲ್ಲಾಗುತ್ತಿದ್ದಳು.

"ಮಡಿಸಿದ್ರ ಮತ್ತ ಜಾರ್ತದ."

"ಜಾರಂಗಿಲ್ಲ ಬೇ. ಅದಕ್ಕ ಕಟ್ಟಿದ್ದು. ಮಡಿಸದಿದ್ರ ಹಂಗ ಹಿಡಕೊಂಡು ಬಿಡ್ತದ, ಆಮ್ಯಾಲ ಮಡಚಾಕನ ಬರಂಗಿಲ್ಲ."

ನಾಲ್ಕನೇ ವಾರ ಐಶ್ವರ್ಯ ಅಳತೆ ಹಿಡಿದು ನೋಡಿ ತಲೆ ಅಲ್ಲಾಡಿಸಿದಳು. ಅರ್ಧವೂ ಮಡಚಿರಲಿಲ್ಲ. ಹೊಸಿಲ ಬಳಿ ಯಮನಮ್ಮನಿಗೆ ಹೇಳಿದಳು: "ನೀವರ ಹೇಳ್ರಿ ಅಮ್ಮ. ಅಂಜಿಕಿ ಬಿಡದಿದ್ರ ಆಪರೇಷನ್ ಮಾಡಿಸಿದ್ದೂ ದಂಡ."

ಅವಳು ಹೋದ ಮೇಲೆ ಯಮನಮ್ಮ ಒಳಗೆ ಬಂದು ಮಂಚದ ಕೆಳಗೆ ಕಾಲು ಚಾಚಿ ಕೂತಳು. ಮಧ್ಯಾಹ್ನದ ಬಿಸಿಲು ಹಾಸುಗಲ್ಲಿನ ಮೇಲಿತ್ತು. ಮಂಚದ ಮೇಲಿನಿಂದ ದನಿ ಬಂತು.

"ಕಟ್ಟಿದ್ರ ಆರಾಮ ಆಗ್ತದಂದಿ."

"ಅಂದೆ."

"ಸುಳ್ಳು ಹೇಳ್ದಿ."

"ಹೂಂ. ಸುಳ್ಳು ಹೇಳ್ದೆ. ಖರೇ ಹೇಳಿದ್ರ ನನ್ನದೂ ಹೇಳಬೇಕಾಗ್ತಿತ್ತು. ಅದನ್ನ ಹೇಳಾಕ ನನ್ನ ಕಡೆ ಆಗಲಿಲ್ಲವ್ವ. ತಪ್ಪು ನಂದು."

ಕಲ್ಯಾಣಿ ಸೂರು ನೋಡುತ್ತಿದ್ದಳು. "ನನಗ ಮೊದಲ ಸಲ ಜಾರಿದ್ದು ಊಟಕ್ಕ ಕುಂತಾಗಲ್ಲ."

ಯಮನಮ್ಮ ತಲೆ ಎತ್ತಿದಳು.

"ಐದನೇ ಕ್ಲಾಸಿನಾಗ ಇದ್ದಾಗ. ಶಾಲಿ ಹಿಂದಿನ ಬಾವಿ ಹತ್ರ. ಅರ್ಧ ಹೋಗಿ ತಾನ ಬಂತು. ಆಮ್ಯಾಲ ಆರನೇತ್ತ ಎರಡು ಸಲ. ಅಲ್ಲೇ ಕುಂತು ಅತ್ತು, ಮಾರಿ ತೊಳಕೊಂಡು ಮನಿಗೆ ಬರ್ತಿದ್ದೆ."

"ಯಾಕ ಹೇಳಲಿಲ್ಲ?"

"ಅವ್ವ ಶಾಲಿ ಬಿಟ್ಟು ಬರಬೇಕಾಗ್ತದ. ಅಪ್ಪ ಬೈತಾನ. ನಿನಗ ಹೇಳಬೇಕಂತ ಮಾಡಿದ್ದೆ ಒಂದು ಸಲ. ನೀ ಅಂಗಳಾ ಬಳಿಯಾಕತ್ತಿದ್ದಿ. ಹೇಳಲಿಲ್ಲ."

ಯಮನಮ್ಮನಿಗೆ ಆ ಅಂಗಳ ಯಾವ ದಿನದ್ದೆಂದು ಗೊತ್ತಾಗಲಿಲ್ಲ. ದಿನಾ ಬಳಿಯುತ್ತಿದ್ದಳು. ಮೂರು ವರ್ಷ ಒಂದೇ ಸೂರಿನ ಕೆಳಗೆ ಇಬ್ಬರು ಒಂದೇ ಕಾಲನ್ನು ಬಚ್ಚಿಟ್ಟುಕೊಂಡು ಓಡಾಡಿದ್ದರು. ಅವಳಿಗೆ ಅಳು ಬಂತು, ತಡೆಯಲಿಲ್ಲ. ಕಲ್ಯಾಣಿ ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಪಟ್ಟಿಯ ಕೊಂಡಿಗೆ ಕೈ ಹಾಕಿದಳು.

"ಇದನ್ನ ಬಿಚ್ಚು. ಹಿಮ್ಮಡಿ ಹಿಡಿ. ನಾ ಸಾಕಂದ್ರ ಬಿಡಬೇಕು."

ಯಮನಮ್ಮ ಎದ್ದು ಹಿಮ್ಮಡಿಯ ಕೆಳಗೆ ಅಂಗೈ ಇಟ್ಟಳು. ಕಾಲು ಬೆರಳಷ್ಟು ಮಡಚಿತು. "ಸಾಕು," ಎಂದಳು ಹುಡುಗಿ. ಬಿಟ್ಟಳು. "ಹಿಡಿ," ಎಂದಳು. ಹಿಡಿದಳು. ಸಂಜೆ ಸುಮಂಗಲಾ ಬಂದಾಗ ರೊಟ್ಟಿಯೂ ಆಗಿರಲಿಲ್ಲ, ಸಾರೂ ಆಗಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ, ಚೀಲ ಗೂಟಕ್ಕೆ ಹಾಕಿ, ತಾನೇ ಹಿಟ್ಟು ನಾದಲು ಕೂತಳು.

ಎರಡು ತಿಂಗಳಿಗೆ ಊರುಗೋಲು ಮೂಲೆ ಸೇರಿತು. ಕಲ್ಯಾಣಿ ಶಾಲೆಗೆ ಹೋಗತೊಡಗಿದಳು. ಮೊದಮೊದಲು ವಲಿ ಪಾಷಾನ ಆಟೊದಲ್ಲಿ, ಆಮೇಲೆ ನಡೆದು. ಮನೆಯಲ್ಲಿ ಹಗಲು ಯಮನಮ್ಮ ಒಬ್ಬಳೇ ಉಳಿದಳು. ಬರಿಯ 'ಇಡು', 'ಹೂಂ' ಬರುತ್ತಿದ್ದ ಆ ಮಂಚದ ಕಡೆ ಕೆಲವು ಸಲ ನೀರಿನ ಚೊಂಬು ಹಿಡಿದು ಹೋಗಿ, ನೆನಪಾಗಿ ಮರಳುತ್ತಿದ್ದಳು.

ನಾಲ್ಕನೇ ತಿಂಗಳ ತಪಾಸಣೆಗೆ ಮೂವರೂ ರಾಯಚೂರಿಗೆ ಹೋದರು. ಡಾಕ್ಟರು ಚಿಪ್ಪನ್ನು ಒತ್ತಿದರು, ಅಲ್ಲಾಡಲಿಲ್ಲ. ಕುಕ್ಕರುಗಾಲಲ್ಲಿ ಕೂರಿಸಿ ಎಬ್ಬಿಸಿದರು. "ಇನ್ನೆರಡು ತಿಂಗಳ ಬಿಟ್ಟು ಓಡು," ಎಂದರು. ಕಲ್ಯಾಣಿ ಹಲ್ಲು ಕಾಣುವಂತೆ ನಕ್ಕಳು.

ಆಗ ಸುಮಂಗಲಾ ಇನ್ನೊಂದು ಚೀಟಿ ಮುಂದಿಟ್ಟಳು. "ಇದು ನಮ್ಮತ್ತೀದು ಸರ್." ಯಮನಮ್ಮನನ್ನು ಕೇಳದೆಯೇ ಹೆಸರು ಬರೆಸಿದ್ದಳು.

ಡಾಕ್ಟರು ಮೊಣಕಾಲು ನೋಡಿ, ಚಿತ್ರ ತೆಗೆಸಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಾರು ಕಟ್ಟಿದ್ರ ಈಗ ಉಪಯೋಗ ಇಲ್ರಿ ಅಮ್ಮ. ಒಳಗ ಪೂರಾ ಸವದದ. ಮುಂದ ತಡಕೊಳ್ಳಾಕ ಆಗಲಿಲ್ಲಂದ್ರ ಕೀಲು ಬದಲಿ ಮಾಡೋಣ. ಈಗ ಕೈಯಾಗ ಬಡಿಗಿ ಹಿಡಕೊಂಡು ನಡೀರಿ."

"ಆತ್ರಿ ಸಾಹೇಬ್ರ," ಎಂದಳು ಯಮನಮ್ಮ. ಬರುವಾಗ ಬಸ್ಸಿನಲ್ಲಿ ತನ್ನ ಕಾಲೂ ಸರಿಯಾದೀತೆಂದು ಆಸೆಪಟ್ಟಿದ್ದೆನೆಂದು ಆಗಷ್ಟೇ ಅವಳಿಗೆ ತಿಳಿಯಿತು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಸುಮಂಗಲಾ ಬಡಿಗೆ ಕೊಡಿಸಿದಳು. ಎತ್ತರ ಸರಿ ಹೊಂದಿಸಲು ಬಗ್ಗಿ, "ಹಿಂಗ ಇರಲೇನ್ರಿ?" ಎಂದು ಎರಡು ಸಲ ಕೇಳಿದಳು.

ಮಾನ್ವಿಯ ಬಸ್ ನಿಲ್ದಾಣದಲ್ಲಿ ಕಲ್ಯಾಣಿ ದಡದಡ ಇಳಿದಳು. ಯಾವ ಕಾಲು ಮುಂದೆ ಎಂದು ನೋಡಲಿಲ್ಲ. ಅಲ್ಲಿ ಗೆಳತಿಯರು ಕಂಡರು. "ಅಜ್ಜಿ, ನೀ ನಡಿ, ನಾ ಬರ್ತೀನಿ," ಎಂದು ಹೋಗಿಬಿಟ್ಟಳು. ಸುಮಂಗಲಾ ಕಾಯಿಪಲ್ಯಕ್ಕೆ ಸಂತೆಯ ಕಡೆ ತಿರುಗಿದಳು. ಯಮನಮ್ಮ ಕಂಬಿ ಹಿಡಿದು, ಬಡಿಗೆ ಊರಿ, ಒಬ್ಬಳೇ ಇಳಿದು ಓಣಿಯ ದಾರಿ ಹಿಡಿದಳು.

ಓಣಿಯ ತಿರುವಿನ ಮನೆಯ ಕಟ್ಟೆಯ ಮೇಲೆ ಹುಸೇನಮ್ಮ ಅಕ್ಕಿ ಆರಿಸುತ್ತಿದ್ದಳು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಮಾಡಿದವರು.

"ಬಡಿಗಿ ಯಾವಾಗ ಬಂತು ಯಮನಮ್ಮ? ಕಾಲಿಗೇನಾತು?"

"ಹೊಸದಲ್ಲ. ಚಿಪ್ಪು ಜಾರ್ತದ. ಹನ್ನೆರಡು ವರ್ಷದಾಕಿ ಇದ್ದಾಗಿಂದ ಅದ."

"ಹೌದಾ?" ಎಂದಳು ಹುಸೇನಮ್ಮ. ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. "ನಂದೂ ಸೊಂಟ ಹಿಡಕೊಂಡದ ನೋಡು, ಎರಡು ತಿಂಗಳಾತು."

ಇನ್ನೇನಾದರೂ ಕೇಳಿಯಾಳೆಂದು ಯಮನಮ್ಮ ಬಡಿಗೆಯ ಮೇಲೆ ಭಾರ ಬಿಟ್ಟು ಸ್ವಲ್ಪ ಹೊತ್ತು ನಿಂತಳು. ಹುಸೇನಮ್ಮ ಅಕ್ಕಿ ಆರಿಸುತ್ತಿದ್ದಳು. ಯಮನಮ್ಮ ಮನೆಗೆ ನಡೆದು, ಬೀಗ ತೆಗೆದು ಒಳಗೆ ಹೋದಳು.